ಕೊಟೇಶನ್‌ಗೆ ಸಹಿ ಹಾಕುವ ಮೊದಲು: ಮನೆಯ ಆಟೊಮೇಶನ್ ನಾವೇ ಮಾಡಬಹುದೇ?

ಪ್ರಶ್ನೆ: ಬದಿಯಡ್ಕ ಸಮೀಪ ಎರಡಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಕೆಂಪುಕಲ್ಲಿನದು, ಮೇಲೆ ಸ್ಲ್ಯಾಬ್. ಕೇರಳ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ತ್ರೀ ಫೇಸ್ ಕನೆಕ್ಷನ್. ಈಗ ಗೋಡೆ ಕೊರೆದು ವೈರಿಂಗ್ ಪೈಪು ಕೂರಿಸುವ ಹಂತ. ಸಾರಣೆ ಇನ್ನೂ ಆಗಿಲ್ಲ. ಲೈಟು, ಫ್ಯಾನು, ಗೀಸರ್, ಗೇಟು, ಕ್ಯಾಮೆರಾ, ತೋಟದ ಪಂಪು ಎಲ್ಲವನ್ನೂ ಮೊಬೈಲಿನಿಂದ ನಡೆಸುವ ವ್ಯವಸ್ಥೆಗೆ ಮಂಗಳೂರಿನ ಒಂದು ಸಂಸ್ಥೆ ನಾಲ್ಕೂ ಮುಕ್ಕಾಲು ಲಕ್ಷ ರೂಪಾಯಿಯ ಕೊಟೇಶನ್ ಕೊಟ್ಟಿದೆ. ಇಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗ, ಇದರ ಕಾಲುಭಾಗ ದುಡ್ಡಿನಲ್ಲಿ ನಾವೇ ಮಾಡಬಹುದು ಎನ್ನುತ್ತಾನೆ. ಮನೆಯಲ್ಲಿ ಯಾವಾಗಲೂ ಇರುವವರು ಎಪ್ಪತ್ತು ದಾಟಿದ ಅಪ್ಪ, ಅಮ್ಮ. ನಾವು ಬೆಂಗಳೂರಿನಲ್ಲಿ. ಯಾರ ಮಾತು ಕೇಳಲಿ?

ಉತ್ತರ: ಸಂಸ್ಥೆಗೋ ಹುಡುಗನಿಗೋ ಇಡೀ ಮನೆಯನ್ನು ಒಪ್ಪಿಸಬೇಡಿ. ಕೆಲಸವನ್ನೇ ಎರಡು ಪದರವಾಗಿ ಬೇರೆ ಮಾಡಿ. 230 ವೋಲ್ಟ್ ಹರಿಯುವ ಪದರ, ಅಂದರೆ ಪೈಪು, ವೈರು, ಎಲ್ಲ ಲೈನು ಹಂಚಿಹೋಗುವ ಪೆಟ್ಟಿಗೆಯಾದ ಡಿಬಿ, ಅರ್ತಿಂಗ್, ಪಂಪಿನ ಪ್ಯಾನೆಲ್, ಇವು ಪರವಾನಗಿ ಇರುವ ವಯರ್‌ಮನ್‌ನ ಕೆಲಸ. ಯಾವ ಲೈಟು ಯಾವಾಗ ಹತ್ತಬೇಕು, ಯಾರ ಮೊಬೈಲಿಗೆ ಅನುಮತಿ, ಪಾಸ್‌ವರ್ಡ್ ಯಾರ ಬಳಿ ಎಂಬ ಮೇಲಿನ ಪದರವನ್ನು ಹುಡುಗ ಮಾಡಲಿ, ಸಂಸ್ಥೆಯೇ ಮಾಡಲಿ, ಅದರ ಬೀಗದ ಕೈ ನಿಮ್ಮಲ್ಲಿರಬೇಕು. ಎರಡಕ್ಕೂ ಸೇರಿ ಒಂದೇ ಷರತ್ತು: ಇಂಟರ್ನೆಟ್ ಇಲ್ಲದಿದ್ದರೂ, ಕಂಪ್ಯೂಟರು ಕೆಟ್ಟಿದ್ದರೂ, ಸಂಸ್ಥೆಯೇ ಮುಚ್ಚಿಹೋಗಿದ್ದರೂ ನಿಮ್ಮ ಅಮ್ಮ ಗೋಡೆಯ ಸ್ವಿಚ್ಚು ಒತ್ತಿದರೆ ಲೈಟು ಹತ್ತಬೇಕು. ಈ ಷರತ್ತಿಗೆ ಒಪ್ಪದ ಯಾವ ವ್ಯವಸ್ಥೆಯೂ ನಿಮ್ಮ ಮನೆಗೆ ಬೇಡ.

ಮೊದಲಿಗೆ ಕಾನೂನಿನ ಮಾತು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷಾ ನಿಯಮಗಳ ಪ್ರಕಾರ ಮನೆಯವರು ತಾವೇ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಾಯಿಸಬಹುದು. ವೈರಿಂಗಿನ ಸಾಮರ್ಥ್ಯವನ್ನೋ ಸ್ವರೂಪವನ್ನೋ ಬದಲಿಸುವ ಕೆಲಸವನ್ನು ಪರವಾನಗಿ ಇರುವ ಕಂಟ್ರಾಕ್ಟರರೇ ಮಾಡಬೇಕು. ಪರವಾನಗಿ ಕೊಡುವುದು ಆಯಾ ರಾಜ್ಯದ ಮಂಡಳಿ. ಬದಿಯಡ್ಕ ಇರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ. ಕೆಎಸ್‌ಇಬಿ ಕಚೇರಿಗೆ ಕೊಡುವ ವೈರಿಂಗ್ ಪೂರ್ಣಗೊಂಡ ವರದಿಗೆ ಕೇರಳದ ಲೈಸೆನ್ಸಿಂಗ್ ಬೋರ್ಡಿನ ಪರವಾನಗಿ ಇರುವವರ ಸಹಿ ಬೇಕು. ಮಂಗಳೂರಿನವರು ಎಷ್ಟೇ ನಿಪುಣರಾದರೂ ಸಹಿ ಹಾಕುವ ಕಂಟ್ರಾಕ್ಟರ್ ಯಾರು ಎಂಬುದನ್ನು ಈಗಲೇ ಕೇಳಿ. ಕೊನೆಯ ಗಳಿಗೆಯಲ್ಲಿ ಊರಿನ ಯಾರನ್ನಾದರೂ ಹಿಡಿದು ಸಹಿ ಹಾಕಿಸಿದರೆ, ಒಳಗಿನ ವೈರಿಂಗನ್ನು ಕಣ್ಣಿಂದ ಕಾಣದವರು ಅದಕ್ಕೆ ಹೊಣೆಯಾದಂತಾಗುತ್ತದೆ. ನಾಳೆ ಏನಾದರೂ ಕೆಟ್ಟರೆ ಇಬ್ಬರೂ ಬರುವುದಿಲ್ಲ.

ಸಾರಣೆಗೆ ಮೊದಲು ಆಗಬೇಕಾದ್ದು

ನೀವು ಸರಿಯಾದ ಹೊತ್ತಿನಲ್ಲಿ ಕೇಳಿದ್ದೀರಿ. ಆಟೊಮೇಶನ್‌ನ ಸಾಮಾನು ಯಾವಾಗ ಬೇಕಾದರೂ ಕೊಳ್ಳಬಹುದು. ಪೈಪು ಮತ್ತು ನ್ಯೂಟ್ರಲ್ ವೈರು, ಅಂದರೆ ಕರೆಂಟು ಮರಳಿ ಹೋಗುವ ವೈರು, ಮಾತ್ರ ಸಾರಣೆ ಆದ ಮೇಲೆ ಸಿಗುವುದಿಲ್ಲ.

ಪ್ರತಿಯೊಂದು ಸ್ವಿಚ್ ಬಾಕ್ಸಿಗೂ ನ್ಯೂಟ್ರಲ್ ಎಳೆಸಿ. ಸಾಕೆಟ್ ಇರುವ ಬೋರ್ಡಿಗೆ ಅದು ಹೇಗೂ ಬರುತ್ತದೆ. ತಪ್ಪಿಹೋಗುವುದು ಮೆಟ್ಟಿಲಿನ ಟೂ ವೇ ಸ್ವಿಚ್ಚು, ಓಣಿಯ ಒಂಟಿ ಸ್ವಿಚ್ಚು, ಮಂಚದ ಪಕ್ಕದ ಸ್ವಿಚ್ಚುಗಳಲ್ಲಿ. ಸ್ಮಾರ್ಟ್ ಮಾಡ್ಯೂಲ್ ಎಂದರೆ ಸ್ವಿಚ್ಚಿನ ಹಿಂದೆ ಕೂತು ಮೊಬೈಲಿನ ಆದೇಶಕ್ಕೆ ಲೈಟನ್ನೋ ಫ್ಯಾನನ್ನೋ ಹತ್ತಿಸಿ ಆರಿಸುವ ಪುಟ್ಟ ಪೆಟ್ಟಿಗೆ. ಅದರೊಳಗೆ ಯಾವಾಗಲೂ ಎಚ್ಚರವಿರುವ ಸಣ್ಣ ಸರ್ಕ್ಯೂಟ್ ಇದೆ. ಅದಕ್ಕೆ ಫೇಸ್, ನ್ಯೂಟ್ರಲ್ ಎರಡೂ ಬೇಕು. ನ್ಯೂಟ್ರಲ್ ಬೇಡದ ಮಾಡ್ಯೂಲೂ ಸಿಗುತ್ತದೆ. ಆದರೆ ಅದು ಬಲ್ಬಿನ ಮೂಲಕವೇ ತುಸು ಕರೆಂಟು ಹರಿಸಿಕೊಂಡು ಬದುಕುತ್ತದೆ. ಹಾಗಾಗಿ ಕಡಿಮೆ ವ್ಯಾಟಿನ ಎಲ್‌ಇಡಿ ಆರಿಸಿದ ಮೇಲೂ ಮಂಕಾಗಿ ಉರಿಯುತ್ತದೆ, ಇಲ್ಲವೇ ಮಿಣುಕುತ್ತದೆ. ಬಲ್ಬಿಗೆ ಸಮಾನಾಂತರವಾಗಿ ಬೈಪಾಸ್ ಕೆಪಾಸಿಟರ್ ಹಾಕಿದರೆ ಹೆಚ್ಚಿನ ಸಂದರ್ಭದಲ್ಲಿ ಸರಿಹೋಗುತ್ತದೆ. ಹೊಸ ಮನೆಗೆ ಆ ತೇಪೆ ಯಾಕೆ?

ಆ ನ್ಯೂಟ್ರಲ್ ಅದೇ ಸರ್ಕ್ಯೂಟಿನದ್ದಾಗಿರಬೇಕು. ಹತ್ತಿರದ ಬೋರ್ಡಿನಲ್ಲಿ ಸಿಕ್ಕಿತೆಂದು ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಕಡ ತರುವುದು ತುಂಬ ಮನೆಗಳಲ್ಲಿ ನಡೆಯುವ ತಪ್ಪು. ಆರ್‌ಸಿಸಿಬಿ, ನಮ್ಮಲ್ಲಿ ಎಲ್ಲರೂ ಇಎಲ್‌ಸಿಬಿ ಎನ್ನುವುದು, ಫೇಸಿನಲ್ಲಿ ಹೋದ ಕರೆಂಟೂ ನ್ಯೂಟ್ರಲಿನಲ್ಲಿ ಮರಳಿದ ಕರೆಂಟೂ ಸಮ ಇದೆಯೇ ಎಂದು ನೋಡುತ್ತದೆ, ವ್ಯತ್ಯಾಸ ಕಂಡರೆ ಬಿದ್ದು ಕರೆಂಟು ಕಡಿಯುತ್ತದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಒಂದು ಮಾಡ್ಯೂಲ್ ತಿನ್ನುವುದು ಕೆಲವೇ ಮಿಲಿ ಆಂಪಿಯರ್. ತಪ್ಪು ನ್ಯೂಟ್ರಲಿಗೆ ಒಂದು ಕೂರಿಸಿದಾಗ ಏನೂ ಆಗುವುದಿಲ್ಲ, ಎರಡಕ್ಕೂ ಆಗುವುದಿಲ್ಲ. ಐದನೆಯದೋ ಆರನೆಯದೋ ಕೂರಿಸಿದ ದಿನ ಮನೆಯಿಡೀ ಕತ್ತಲಾಗುತ್ತದೆ. ಎಲ್ಲರೂ ಆ ಕೊನೆಯ ಮಾಡ್ಯೂಲನ್ನೇ ಕೆಟ್ಟದ್ದೆಂದು ಕಿತ್ತು ಬಿಸಾಡುತ್ತಾರೆ. ಇನ್ವರ್ಟರ್ ಸರ್ಕ್ಯೂಟು ಸೇರಿದ ಮನೆಯಲ್ಲಿ ಈ ಗೊಂದಲ ಇಮ್ಮಡಿ. ಇನ್ವರ್ಟರ್ ಲೈನಿಗೆ ಅದರದೇ ನ್ಯೂಟ್ರಲ್, ಬೇರೆ ಬಣ್ಣದ ವೈರಿನಲ್ಲಿ, ಡಿಬಿಯ ತನಕ ಪ್ರತ್ಯೇಕವಾಗಿ ಬರಲಿ.

ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇಡಬೇಡಿ. ಕೆಳಗಿನ ಅಂತಸ್ತು, ಮೇಲಿನ ಅಂತಸ್ತು, ಇನ್ವರ್ಟರ್ ಲೈನು, ಮನೆಯ ಹೊರಗಿನ ಎಲ್ಲ ಲೈನು ಎಂದು ಕನಿಷ್ಠ ನಾಲ್ಕು ಮಾಡಿಸಿ. ಮಳೆಗಾಲದಲ್ಲಿ ಗೇಟಿನ ಲೈಟಿನೊಳಗೆ ನೀರು ಹೊಕ್ಕು ಹೊರಗಿನದು ಬಿದ್ದರೆ ಫ್ರಿಜ್ಜೂ ರೂಟರೂ ನಿಲ್ಲಬಾರದು. ನೀವು ಬೆಂಗಳೂರಿನಲ್ಲಿದ್ದಾಗ ಬಿದ್ದ ಆರ್‌ಸಿಸಿಬಿಯನ್ನು ಎತ್ತಿಡುವವರು ಅಪ್ಪನೇ. ಆದ್ದರಿಂದ ಡಿಬಿಯನ್ನು ಸ್ಟೂಲು ಹತ್ತದೆ ಕೈಗೆಟಕುವ ಎತ್ತರದಲ್ಲಿ ಕೂರಿಸಿ, ಪ್ರತಿ ಎಂಸಿಬಿಯ, ಅಂದರೆ ಪ್ರತಿ ಲೈನಿನ ರಕ್ಷಣೆಯ ಸ್ವಿಚ್ಚಿನ, ಕೆಳಗೆ ಕನ್ನಡದಲ್ಲಿ ಹೆಸರು ಬರೆಸಿ.

ಬಾಕ್ಸು ಆಳವಾಗಿರಲಿ. ಮಾಮೂಲಿ ಬಾಕ್ಸಿನಲ್ಲಿ ಸ್ವಿಚ್ಚು, ನಾಲ್ಕಾರು ವೈರು, ಅದರ ಹಿಂದೆ ಮಾಡ್ಯೂಲು ತುರುಕಿದರೆ ಮುಚ್ಚಳ ಕೂರುವುದಿಲ್ಲ. ಒತ್ತಿ ಕೂರಿಸಿದರೆ ಸ್ಕ್ರೂ ಸಡಿಲಾಗಿ ಅಲ್ಲಿ ಬಿಸಿಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಅತಿ ಆಳದ ಬಾಕ್ಸನ್ನು ಕೇಳಿ, ಬೇಕಾದ್ದಕ್ಕಿಂತ ಎರಡು ಸ್ವಿಚ್ಚಿನ ಜಾಗದಷ್ಟು ದೊಡ್ಡದನ್ನು ಹಾಕಿಸಿ. ಉಳಿದ ಜಾಗಕ್ಕೆ ಖಾಲಿ ಪ್ಲೇಟು. ಪೈಪು ಬಾಕ್ಸಿಗೆ ಸೇರುವ ಬಾಯಿಯನ್ನೂ ಮುಚ್ಚಿಸಿ. ನಮ್ಮ ಕಡೆ ಇರುವೆ ಪೈಪಿನೊಳಗೇ ಸಾಗಿ ಬಂದು ಮಾಡ್ಯೂಲಿನೊಳಗೆ ಕರೆಂಟು ಸೇರಿಸಿ ಬಿಡಿಸುವ ರಿಲೇಯ ನಡುವೆ ಗೂಡು ಮಾಡುತ್ತದೆ.

ಇನ್ನೊಂದು ಪೈಪಿನ ಜಾಲ ಡೇಟಾಕ್ಕೆ. ಮೆಟ್ಟಿಲಿನ ಕೆಳಗೋ ಓಣಿಯಲ್ಲೋ ಗಾಳಿಯಾಡುವ ಒಂದು ಜಾಗ ಗೊತ್ತುಮಾಡಿ, ಅಲ್ಲಿಗೆ ಇನ್ವರ್ಟರ್ ಲೈನಿನ ಎರಡು ಸಾಕೆಟ್ ಕೊಡಿಸಿ. ಫೈಬರ್ ಬರುವುದು, ರೂಟರು, ಮನೆಯ ಕಂಪ್ಯೂಟರು, ಕ್ಯಾಮೆರಾ ರೆಕಾರ್ಡರು ಎಲ್ಲ ಅಲ್ಲೇ. ಅಲ್ಲಿಂದ ಪ್ರತಿ ಅಂತಸ್ತಿನ ಮಾಡಿನ ನಡುಭಾಗಕ್ಕೆ, ಟಿವಿಯ ಹಿಂದಕ್ಕೆ, ಕ್ಯಾಮೆರಾ ಬರುವ ಮೂಲೆಗಳಿಗೆ ಕ್ಯಾಟ್ 6 ಕೇಬಲ್ ಎಳೆಸಿ. ಕರೆಂಟಿನ ಪೈಪಿನೊಳಗೆ ಇದನ್ನು ಸೇರಿಸಬಾರದು. ದಪ್ಪ ಕೆಂಪುಕಲ್ಲಿನ ಗೋಡೆ ಎರಡು ಅಡ್ಡ ಬಂದರೆ, ನಡುವೆ ಒಂದು ಕಾಂಕ್ರೀಟ್ ಸ್ಲ್ಯಾಬ್ ಇದ್ದರೆ, ಕೆಳಗಿನ ಒಂದು ರೂಟರಿನ ವೈಫೈ ಮೇಲಿನ ಮೂಲೆಕೋಣೆಗೆ ನೆಚ್ಚಿಕೊಳ್ಳುವಷ್ಟು ತಲುಪುವುದಿಲ್ಲ. ಅಂತಸ್ತಿಗೊಂದು ಆಕ್ಸೆಸ್ ಪಾಯಿಂಟು, ಅಂದರೆ ವೈಫೈ ಹರಡುವ ಪೆಟ್ಟಿಗೆ, ಕೇಬಲಿನಿಂದಲೇ ಇರಲಿ. ಗೇಟಿಗೆ ಮತ್ತು ಪಂಪ್‌ಶೆಡ್ಡಿಗೆ 25 ಮಿಲಿಮೀಟರಿನ ಖಾಲಿ ಪೈಪು, ಒಳಗೆ ನೈಲಾನ್ ಹಗ್ಗ.

ಸಾರಣೆಯ ಹಿಂದಿನ ದಿನ ಪ್ರತಿ ಗೋಡೆಯ ಫೋಟೊ ತೆಗೆಯಿರಿ. ಫ್ರೇಮಿನಲ್ಲಿ ಅಳತೆಯ ಟೇಪು ಕಾಣುವ ಹಾಗೆ. ಮುಂದೆ ಯಾವ ತಂತ್ರಜ್ಞ ಬಂದರೂ ಮೊದಲು ಕೇಳುವುದು ಇದನ್ನೇ.

ಸಿಡಿಲು, ಅರ್ತಿಂಗ್, ತ್ರೀ ಫೇಸ್

ಕಾಸರಗೋಡಿನಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆಮಳೆ ಮತ್ತು ಅಕ್ಟೋಬರ್, ನವೆಂಬರಿನ ಹಿಂಗಾರು ಸಿಡಿಲಿನ ಕಾಲ. ಆಟೊಮೇಶನ್ ಸಾಮಾನು ಕೆಡುವುದು ಹೆಚ್ಚಾಗಿ ಆಗಲೇ, ಮತ್ತು ಕೊಟೇಶನ್ನುಗಳಲ್ಲಿ ಹೆಚ್ಚಾಗಿ ಕಾಣದಿರುವುದೂ ಇದರ ರಕ್ಷಣೆಯೇ. ನಿಮಗೆ ಬಂದ ಕೊಟೇಶನ್ನಿನಲ್ಲಿ ಸರ್ಜ್ ಪ್ರೊಟೆಕ್ಟರ್, ಅಂದರೆ ಸಿಡಿಲಿನಿಂದ ಏಳುವ ವೋಲ್ಟೇಜನ್ನು ಅರ್ತಿಗೆ ಇಳಿಸುವ ಸಾಧನ, ಎಂಬ ಸಾಲು ಇದೆಯೇ ನೋಡಿ. ಇಲ್ಲವಾದರೆ ಅವರು ನಿಮ್ಮ ಮನೆಗೆ ಬೆಲೆ ಕಟ್ಟಿಲ್ಲ, ಯಾವುದೋ ಪೇಟೆಯ ಫ್ಲ್ಯಾಟಿಗೆ ಕಟ್ಟಿದ್ದಾರೆ.

ಡಿಬಿಯಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್, ಮೂರು ಫೇಸಿಗೂ ನ್ಯೂಟ್ರಲಿಗೂ. ಮನೆಯ ಮೇಲೆ ಮಿಂಚುವಾಹಕ ಇದ್ದರೆ ಟೈಪ್ 1 ಮತ್ತು 2 ಎರಡೂ ಸೇರಿದ್ದು ಬೇಕು. ಅದರ ಎರಡೂ ಕಡೆಯ ವೈರು ಸೇರಿ ಅರ್ಧ ಮೀಟರಿಗಿಂತ ಉದ್ದವಾಗಬಾರದು. ಅಂದವಾಗಿ ಸುತ್ತುಹಾಕಿಸಿ ಎಳೆದರೆ ಸಿಡಿಲಿನ ವೇಗದ ಏರಿಕೆಯಲ್ಲಿ ಆ ವೈರಿನ ಉದ್ದವೇ ಸಾವಿರಾರು ವೋಲ್ಟನ್ನು ನಿಮ್ಮ ಸಾಮಾನಿನ ಮೇಲೆ ಉಳಿಸಿಬಿಡುತ್ತದೆ. ಪ್ರೊಟೆಕ್ಟರಿನ ಮೇಲಿನ ಪುಟ್ಟ ಕಿಂಡಿ ಹಸಿರಿನಿಂದ ಕೆಂಪಾದರೆ ಅದರ ಆಯಸ್ಸು ಮುಗಿದಿದೆ, ಕಾರ್ಟ್ರಿಜ್ ಬದಲಿಸಬೇಕು. ತಿಂಗಳಿಗೊಮ್ಮೆ ನೋಡಲು ಅಪ್ಪನಿಗೆ ಹೇಳಿಡಿ.

ಇದು ಕೆಲಸ ಮಾಡುವುದು ಅರ್ತಿಂಗ್ ಚೆನ್ನಾಗಿದ್ದರೆ ಮಾತ್ರ. ಒಣಗಿದ ಮುರ (ಕೆಂಪುಕಲ್ಲಿನ) ಮಣ್ಣು ಕರೆಂಟನ್ನು ಸುಲಭವಾಗಿ ಒಳಗೆಳೆಯುವುದಿಲ್ಲ. ಗುಡ್ಡದ ಮೇಲಿನ ಮನೆಗೆ ಒಂದು ಅರ್ತ್ ಗುಂಡಿ ಸಾಲದು. ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಮಣ್ಣು ತುಂಬಿದ ಎರಡು ಮೂರು ಗುಂಡಿಗಳನ್ನು ಸರಳಿನ ಉದ್ದದ ಎರಡರಷ್ಟು ದೂರದಲ್ಲಿ ತೋಡಿ, ಎಲ್ಲವನ್ನೂ ತಾಮ್ರದ ಪಟ್ಟಿಯಿಂದ ಸೇರಿಸಬೇಕು. ಅಳತೆ ತೆಗೆಸುವುದು ಜುಲೈಯಲ್ಲಲ್ಲ, ಏಪ್ರಿಲ್‌ನಲ್ಲಿ. ಒಣ ನೆಲದಲ್ಲೂ 5 ಓಮ್‌ಗಿಂತ ಕೆಳಗೆ ಬಂದರೆ ಒಳ್ಳೆಯದು. ಎಲೆಕ್ಟ್ರಾನಿಕ್ಸಿಗೆ ಬೇರೆಯೇ ಅರ್ತ್ ಹಾಕುತ್ತೇವೆ, ಮುಖ್ಯ ಅರ್ತಿಗೆ ಸೇರಿಸುವುದಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸಿಡಿಲು ಹತ್ತಿರ ಬಿದ್ದಾಗ ಎರಡು ಅರ್ತುಗಳ ನಡುವೆ ಏಳುವ ವೋಲ್ಟೇಜು ನೇರವಾಗಿ ಆ ಎಲೆಕ್ಟ್ರಾನಿಕ್ಸಿನ ಮೂಲಕವೇ ಹಾಯುತ್ತದೆ.

ಮನೆಯಿಂದ ತೋಟಕ್ಕೋ ಗೇಟಿಗೋ ಹೋಗುವ ಪ್ರತಿ ತಾಮ್ರದ ಡೇಟಾ ಕೇಬಲ್ ಸಿಡಿಲನ್ನು ಒಳಗೆ ಕರೆಯುವ ದಾರಿ. ಗೇಟಿನ ಕ್ಯಾಮೆರಾಕ್ಕೆ ಕ್ಯಾಟ್ 6 ಬದಲು ಫೈಬರ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್, ಅಂದರೆ ಫೈಬರಿಗೂ ತಾಮ್ರದ ಕೇಬಲಿಗೂ ಕೊಂಡಿಯಾಗುವ ಪೆಟ್ಟಿಗೆ, ಹಾಕಿ. ಗೇಟಿನ ಕಡೆಯದು ಸುಟ್ಟರೂ ಹಾನಿ ಅಲ್ಲಿಗೇ ನಿಲ್ಲುತ್ತದೆ. ಮನೆಯೊಳಗಿನ ರೂಟರ್, ರೆಕಾರ್ಡರ್ ಉಳಿಯುತ್ತವೆ.

ತ್ರೀ ಫೇಸ್ ಮನೆಗೆ ಇನ್ನೊಂದು ಅಪಾಯವಿದೆ. ಕಂಬದಲ್ಲೋ ಮೀಟರಿನ ಹತ್ತಿರವೋ ನ್ಯೂಟ್ರಲ್ ಕಳಚಿದರೆ ಯಾವುದೋ ಒಂದು ಫೇಸಿನ ಸಾಮಾನಿಗೆ 230ರ ಬದಲು 400ರ ಹತ್ತಿರದ ವೋಲ್ಟೇಜು ಬೀಳಬಹುದು. ಆರಿಸಿಟ್ಟ ಲೈಟು, ಫ್ಯಾನು ಪಾರಾಗುತ್ತವೆ. ಸದಾ ಎಚ್ಚರವಿರುವ ಮಾಡ್ಯೂಲುಗಳು ಒಂದೇ ಸಲಕ್ಕೆ ಸಾಲಾಗಿ ಸಾಯುತ್ತವೆ. ಡಿಬಿಯಲ್ಲಿ ಓವರ್ ವೋಲ್ಟೇಜ್ ರಿಲೇ ಕೂರಿಸಿ 270 ವೋಲ್ಟಿಗೆ ಕಡಿಯುವಂತೆ ಇಡಿಸಿ. ಮೆಟ್ಟಿಲಿನ ಕೆಳಗಿನ, ಮೇಲಿನ ಸ್ವಿಚ್ಚುಗಳಿಗೆ ಬೇರೆ ಬೇರೆ ಫೇಸ್ ಬಾರದಂತೆಯೂ ನೋಡಿಕೊಳ್ಳಿ.

ಯಾವ ಸಾಮಾನಿಗೆ ಯಾವ ಮಾಡ್ಯೂಲು

ಸ್ವಿಚ್ಚಿನ ಹಿಂದೆ ಅಡಗುವ ರಿಲೇ ಮಾಡ್ಯೂಲು ನಿಮಗೆ ಸರಿ. ಸ್ಪರ್ಶದ ಗಾಜಿನ ಪ್ಯಾನೆಲ್ ಬೇಡ. ಗಾಜಿನ ಪ್ಯಾನೆಲ್ ಕೆಟ್ಟರೆ ಅದೇ ಕಂಪೆನಿಯ ಅದೇ ಮಾದರಿ ಹುಡುಕಬೇಕು, ಒದ್ದೆ ಕೈಗೆ ಅದು ಸರಿಯಾಗಿ ಸ್ಪಂದಿಸುವುದಿಲ್ಲ, ಕತ್ತಲಲ್ಲಿ ತಡವಿ ಹುಡುಕುವ ಹಿರಿಯರಿಗೆ ಗುಬ್ಬಿಯಿರುವ ಸ್ವಿಚ್ಚೇ ಒಳ್ಳೆಯದು. ಹಿಂದೆ ಕೂರುವ ಮಾಡ್ಯೂಲ್ ಕೆಟ್ಟರೆ ಯಾವ ಇಲೆಕ್ಟ್ರೀಷಿಯನ್ ಆದರೂ ಅದನ್ನು ತೆಗೆದು ವೈರನ್ನು ನೇರ ಸ್ವಿಚ್ಚಿಗೆ ಕೊಡುತ್ತಾನೆ, ಮನೆ ಮೊದಲಿನಂತಾಗುತ್ತದೆ. ಸೋನಾಫ್, ಶೆಲ್ಲಿ, ಟುಯಾ ಆಧರಿಸಿದ ಹತ್ತಾರು ಹೆಸರುಗಳಲ್ಲಿ ಇವು ಸಿಗುತ್ತವೆ. ಒಂದಕ್ಕೆ ಸುಮಾರು ಸಾವಿರದಿಂದ ಎರಡು ಸಾವಿರ ರೂಪಾಯಿ.

ಮಾಡ್ಯೂಲಿನ ಮೇಲೆ ಬರೆದ 10 ಆಂಪಿಯರ್ ಎಂಬುದು ಇಸ್ತ್ರಿಪೆಟ್ಟಿಗೆಯಂಥ ಬರೀ ಬಿಸಿಯಾಗುವ ಸಾಮಾನಿಗೆ ಕೊಟ್ಟ ಲೆಕ್ಕ. 2 ಕಿಲೋವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟಿನದು 13. ಮುಚ್ಚಿದ ಬಾಕ್ಸಿನೊಳಗೆ 10 ಆಂಪಿಯರಿನ ಮಾಡ್ಯೂಲಿಗೆ ಇದನ್ನು ಕೊಟ್ಟರೆ ಟರ್ಮಿನಲ್ ಕರಗುತ್ತದೆ. ಗೀಸರಿಗೆ ಕನಿಷ್ಠ 16 ಆಂಪಿಯರಿನದು, ವೈರು 4 ಚದರ ಮಿಲಿಮೀಟರ್. ಇನ್ನೂ ಒಳ್ಳೆಯದು ಡಿಬಿಯಲ್ಲೊಂದು ಕಾಂಟ್ಯಾಕ್ಟರ್, ಅಂದರೆ ದೊಡ್ಡ ಕರೆಂಟನ್ನು ತಾಳುವ ದೊಡ್ಡ ರಿಲೇ. 2 ಕಿಲೋವ್ಯಾಟಿನ ಗೀಸರಿಗೆ 25 ಲೀಟರ್ ಕಾಯಿಸಲು ಅರ್ಧ ಗಂಟೆ ಸಾಕು. 40 ನಿಮಿಷಕ್ಕೆ ತಾನೇ ಆರುವಂತೆ ಮಾಡ್ಯೂಲಿನೊಳಗೇ ಇಡಿ, ಮೊಬೈಲಿನಲ್ಲಲ್ಲ. ಒಂದೇ ಸ್ವಿಚ್ಚಿನಲ್ಲಿ ಹತ್ತು ಹನ್ನೆರಡು ಎಲ್‌ಇಡಿ ಲೈಟು ಹತ್ತಿಸುವ ದೊಡ್ಡ ಕೋಣೆಯಲ್ಲೂ 16 ಆಂಪಿಯರಿನದನ್ನೇ ಹಾಕಿ: ಒಟ್ಟು ವ್ಯಾಟ್ ಕಡಿಮೆಯಿದ್ದರೂ ಹತ್ತಿದ ಕ್ಷಣಕ್ಕೆ ಎಲ್ಲ ಡ್ರೈವರುಗಳು ಒಟ್ಟಿಗೆ ಸೆಳೆಯುವ ಕರೆಂಟಿಗೆ ರಿಲೇಯ ಸಂಪರ್ಕ ಅಂಟಿಕೊಂಡು ಲೈಟು ಆರದೇ ಹೋಗುತ್ತದೆ.

ಫ್ಯಾನಿಗೆ ಹತ್ತಿಸಿ ಆರಿಸುವ ಮಾಡ್ಯೂಲು ಸಾಕು. ವೇಗಕ್ಕೆ ಗೋಡೆಯ ರೆಗ್ಯುಲೇಟರೇ ಇರಲಿ. ಲೈಟಿನ ಡಿಮ್ಮರನ್ನು ಫ್ಯಾನಿಗೆ ಕೊಟ್ಟರೆ ಗುಂಯ್ಗುಡುತ್ತದೆ, ಮೋಟಾರು ಬಿಸಿಯಾಗುತ್ತದೆ. ವೇಗದ ಸರ್ಕ್ಯೂಟು ಒಳಗೇ ಇರುವ ಬಿಎಲ್‌ಡಿಸಿ ಫ್ಯಾನು ಕೊಂಡರೆ ರೆಗ್ಯುಲೇಟರನ್ನೂ ಡಿಮ್ಮರನ್ನೂ ಅದರ ಹತ್ತಿರ ತರಬೇಡಿ.

ಗೇಟಿನ ಮೋಟಾರಿಗೂ ಪಂಪಿನ ಸ್ಟಾರ್ಟರಿಗೂ ಬೇಕಾದ್ದು ಡ್ರೈ ಕಾಂಟ್ಯಾಕ್ಟ್ ಇರುವ ಮಾಡ್ಯೂಲು, ಅಂದರೆ ತಾನು ವೋಲ್ಟೇಜ್ ಕೊಡದೆ ಎರಡು ತುದಿಯನ್ನು ಸೇರಿಸಿ ಬಿಡಿಸುವುದಷ್ಟೇ ಮಾಡುವಂಥದ್ದು. ಸಾಮಾನ್ಯ ಮಾಡ್ಯೂಲು ತನ್ನ ಔಟ್‌ಪುಟ್ಟಿನಲ್ಲಿ 230 ವೋಲ್ಟ್ ಕೊಡುತ್ತದೆ. ಅದನ್ನು ಗೇಟಿನ ಬೋರ್ಡಿಗೆ ಸೇರಿಸಿದರೆ ಬೋರ್ಡು ಆ ಕ್ಷಣವೇ ಸುಡುತ್ತದೆ. ಗೇಟನ್ನು ಕೈಯಿಂದ ಬಿಡಿಸುವ ಕೀಲಿ ಎಲ್ಲಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

ಅಡುಗೆಮನೆಗೆ ಗ್ಯಾಸ್ ಸೆನ್ಸರ್ ಹಾಕುವುದಾದರೆ ನೆಲದಿಂದ ಒಂದಡಿಯೊಳಗೆ ಇರಲಿ. ಎಲ್‌ಪಿಜಿ ಗಾಳಿಗಿಂತ ಭಾರ. ಗ್ಯಾಸ್ ಸೋರಿದಾಗ ಎಕ್ಸಾಸ್ಟ್ ಫ್ಯಾನ್ ತಾನೇ ತಿರುಗುವಂತೆ ಎಂದೂ ಮಾಡಬೇಡಿ. ರಿಲೇಯ ಕಿಡಿಯೇ ಸಾಕು. ಸೈರನ್ ಕೂಗಿ ಮೊಬೈಲಿಗೆ ಸಂದೇಶ ಹೋದರೆ ಆಯಿತು.

ತೋಟದ ಪಂಪು

ಇಲ್ಲಿ ಹುಡುಗನ ಉತ್ಸಾಹಕ್ಕೆ ಬೇಲಿ ಹಾಕಿ. ಒಂದು ಎಚ್‌ಪಿಯ ಸಿಂಗಲ್ ಫೇಸ್ ಮೋಟಾರು ಓಡುವಾಗ 6ರಿಂದ 8 ಆಂಪಿಯರ್. ಹೊರಡುವಾಗ ಅದರ ಐದಾರು ಪಟ್ಟು. ಸಣ್ಣ ಮಾಡ್ಯೂಲಿನ ಸಂಪರ್ಕ ಬೆಸೆದುಕೊಂಡರೆ ಮೊಬೈಲು ನಿಂತಿದೆ ಎನ್ನುತ್ತದೆ, ಪಂಪು ಓಡುತ್ತಲೇ ಇರುತ್ತದೆ. ಮಾಡ್ಯೂಲು ಕಾಂಟ್ಯಾಕ್ಟರಿನ ಕಾಯಿಲನ್ನು ಮಾತ್ರ ನಡೆಸಬೇಕು, ಮೋಟಾರನ್ನು ಕಾಂಟ್ಯಾಕ್ಟರ್ ನಡೆಸಬೇಕು. ಕಾಯಿಲಿಗೆ ಸಮಾನಾಂತರವಾಗಿ 0.1 ಮೈಕ್ರೊಫ್ಯಾರಡ್ ಮತ್ತು 100 ಓಮಿನ ಸ್ನಬ್ಬರ್, ಅಂದರೆ ಕಾಯಿಲು ಆರುವಾಗಿನ ವೋಲ್ಟೇಜಿನ ಹೊಡೆತ ತಗ್ಗಿಸುವ ಬಿಡಿಭಾಗ, ಹಾಕಿದರೆ ರಿಲೇಯ ಆಯಸ್ಸು ಹೆಚ್ಚುತ್ತದೆ, ಪಂಪು ನಿಂತಾಗಲೆಲ್ಲ ಮಾಡ್ಯೂಲು ತಾನೇ ರೀಸ್ಟಾರ್ಟ್ ಆಗುವ ಕಾಟ ತಪ್ಪುತ್ತದೆ.

ಸ್ಪ್ರಿಂಕ್ಲರಿನ ತ್ರೀ ಫೇಸ್ ಮೋಟಾರಾದರೆ ಇನ್ನೊಂದು ಬಲೆಯಿದೆ. ಕೃಷಿ ಪಂಪಿನ ಸ್ಟಾರ್ಟರುಗಳಲ್ಲಿ ಅನೇಕವು ಎರಡು ಫೇಸುಗಳ ನಡುವೆ ನಡೆಯುವ 415 ವೋಲ್ಟಿನ ಕಾಯಿಲಿನವು. 240 ವೋಲ್ಟಿಗೆ ಮಾಡಿದ ಮಾಡ್ಯೂಲನ್ನು ಅದರ ದಾರಿಗೆ ನೇರ ಹಾಕಬಾರದು. ಕಾಯಿಲನ್ನು 240 ವೋಲ್ಟಿನದಕ್ಕೆ ಬದಲಿಸಿ ಶೆಡ್ಡಿಗೆ ನ್ಯೂಟ್ರಲ್ ಒಯ್ಯಬೇಕು, ಇಲ್ಲವೇ ನಡುವೆ ತಕ್ಕ ರಿಲೇ ಹಾಕಬೇಕು. ಓವರ್‌ಲೋಡ್ ರಿಲೇ, ಒಂದು ಫೇಸ್ ಹೋದರೆ ಮೋಟಾರನ್ನು ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಇವೆರಡೂ ಸ್ಟಾರ್ಟರಿನಲ್ಲೇ ಇರಬೇಕು. ಕಂಪ್ಯೂಟರು ನೋಡಿಕೊಳ್ಳುತ್ತದೆ ಎಂದು ಇವನ್ನು ಬಿಡುವ ಹಾಗಿಲ್ಲ.

ಬಾವಿಯಲ್ಲೋ ಸುರಂಗದ ನೀರು ಸೇರುವ ಕೆರೆಯಲ್ಲೋ ಮಾರ್ಚ್ ನಂತರ ನೀರು ಇಳಿಯುತ್ತದೆ. ನೀರಿಲ್ಲದೆ ಪಂಪು ಓಡಿದರೆ ಸೀಲ್ ಸುಡುತ್ತದೆ. ನೀರಿಲ್ಲದಾಗ ಮೋಟಾರಿನ ಕರೆಂಟು ಇಳಿಯುವುದನ್ನು ಗುರುತಿಸಿ ಕಡಿಯುವ ಡ್ರೈ ರನ್ ರಿಲೇ ಪ್ಯಾನೆಲಿನಲ್ಲಿ ಇರಲಿ. ಟಾಂಕಿಯ ಮಟ್ಟಕ್ಕೆ ಸಾದಾ ಫ್ಲೋಟ್ ಸ್ವಿಚ್ಚೇ ನಂಬಿಗಸ್ಥ. ಅಲ್ಟ್ರಾಸಾನಿಕ್ ಸೆನ್ಸರಿನ ಮುಖಕ್ಕೆ ಹಬೆಯೂ ಜೇಡನ ಬಲೆಯೂ ಕೂತು ತಪ್ಪು ಲೆಕ್ಕ ಕೊಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದ್ದು ಇದು: ನೀವು ಬೆಂಗಳೂರಿನಿಂದ ಬಟನ್ ಒತ್ತುವ ಹೊತ್ತಿಗೆ ಕೆಲಸದವರೊಬ್ಬರು ಪಂಪಿನ ಪೈಪು ಬಿಚ್ಚಿ ಕೈ ಒಳಗಿಟ್ಟಿರಬಹುದು. ಪಂಪಿನ ಪಕ್ಕದಲ್ಲೇ ಕರೆಂಟು ಪೂರ್ತಿ ಕಡಿದು ಬೀಗ ಹಾಕಬಹುದಾದ ಐಸೊಲೇಟರ್ ಸ್ವಿಚ್ಚು, ಪ್ಯಾನೆಲಿನಲ್ಲಿ ಕೈ, ಬಂದ್, ದೂರ ಎಂಬ ಮೂರು ನಿಲುವಿನ ಸೆಲೆಕ್ಟರ್ ಸ್ವಿಚ್ಚು ಇಲ್ಲದೆ ಪಂಪನ್ನು ಮೊಬೈಲಿಗೆ ಜೋಡಿಸಬಾರದು.

ಶೆಡ್ಡು ಮನೆಯಿಂದ ದೂರವಿದ್ದರೆ ವೈಫೈ ಎಳೆಯುವುದಕ್ಕಿಂತ ರೈತರು ಬಳಸುವ ಸಿಮ್ ಹಾಕುವ ಸ್ಟಾರ್ಟರೇ ಲೇಸು. ಅವುಗಳಲ್ಲಿ ಹಲವು 2ಜಿಯಲ್ಲಿ ನಡೆಯುವವು. ಜಿಯೋದಲ್ಲಿ 2ಜಿ ಇಲ್ಲ, ಆ ಸಿಮ್ ಹಾಕಿದರೆ ಮಾತಾಡುವುದಿಲ್ಲ. ಕೊಳ್ಳುವ ಮೊದಲು ತೋಟದ ತಗ್ಗಿನಲ್ಲಿ ಯಾವ ಕಂಪೆನಿಯ ಸಿಗ್ನಲ್ ನಿಲ್ಲುತ್ತದೆಂದು ಶೆಡ್ಡಿನ ಒಳಗೇ ನಿಂತು ನೋಡಿ.

ಹುಡುಗನ ಕೆಲಸ

ಅವನಿಗೆ ಯೋಗ್ಯವಾದ ಕೆಲಸ ಬೇಕಾದಷ್ಟಿದೆ. ಮನೆಯೊಳಗೇ ಓಡುವ ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶ 2013ರಿಂದ ಬೆಳೆದು ಬಂದಿದೆ. ಹೆಚ್ಚಿನ ಕಂಪೆನಿಗಳ ಸಾಮಾನನ್ನು ಒಂದೇ ಕಡೆ ತರುತ್ತದೆ, ಇಂಟರ್ನೆಟ್ ಹೋದರೂ ನಡೆಯುತ್ತದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಓಡಿಸುವುದಾದರೆ ಮೆಮೊರಿ ಕಾರ್ಡಿನ ಬದಲು ಎಸ್‌ಎಸ್‌ಡಿ ಬಳಸಲಿ: ಕರೆಂಟು ಹೋಗಿ ಬರುವ ಊರಿನಲ್ಲಿ ಕಾರ್ಡು ಬೇಗ ಕೆಡುತ್ತದೆ. ಕಂಪ್ಯೂಟರು, ರೂಟರು, ಫೈಬರ್ ಪೆಟ್ಟಿಗೆ ಮೂರೂ ಇನ್ವರ್ಟರಿನಲ್ಲಿರಲಿ. ಇನ್ವರ್ಟರ್ ಶುದ್ಧ ಸೈನ್ ವೇವಿನದೇ ಆಗಿರಲಿ. ಸ್ಕ್ವೇರ್ ವೇವಿನಲ್ಲಿ ಅಗ್ಗದ ಮಾಡ್ಯೂಲುಗಳ ಒಳಗಿನ ಪವರ್ ಸರ್ಕ್ಯೂಟು ಬಿಸಿಯಾಗಿ ಹೋಗುತ್ತದೆ.

ಮಾಡ್ಯೂಲು ವೈಫೈಯದ್ದೋ ಜಿಗ್‌ಬೀಯದ್ದೋ ಎಂಬ ಪ್ರಶ್ನೆಗೆ, ಹತ್ತು ಹದಿನೈದರ ತನಕ ಯಾವುದಾದರೂ ಸರಿ. ಅದಕ್ಕಿಂತ ಹೆಚ್ಚಾದರೆ ಜಿಗ್‌ಬೀ, ಅಂದರೆ ಇಂಥ ಸಣ್ಣ ಸಾಮಾನಿಗೆಂದೇ ಇರುವ, ರೂಟರಿನ ಮೇಲೆ ಭಾರ ಹಾಕದ ಬೇರೆ ವೈರ್‌ಲೆಸ್ ಜಾಲ. ಫೈಬರ್ ಕಂಪೆನಿ ಕೊಡುವ ರೂಟರು ಹೆಚ್ಚು ಸಾಮಾನುಗಳ ಭಾರ ಹೊರಲಾರದು. ನ್ಯೂಟ್ರಲ್ ಇರುವ ಜಿಗ್‌ಬೀ ಮಾಡ್ಯೂಲು ಪಕ್ಕದ್ದರ ಸಂದೇಶವನ್ನೂ ದಾಟಿಸುತ್ತದೆ, ನ್ಯೂಟ್ರಲ್ ಇಲ್ಲದವು ಸಾಮಾನ್ಯವಾಗಿ ದಾಟಿಸುವುದಿಲ್ಲ. ಕೆಂಪುಕಲ್ಲಿನ ಮನೆಯಲ್ಲಿ ಇದು ದೊಡ್ಡ ವ್ಯತ್ಯಾಸ. ಎರಡೂ 2.4 ಗಿಗಾಹರ್ಟ್ಸಿನಲ್ಲೇ ನಡೆಯುವುದರಿಂದ ವೈಫೈಯನ್ನು 1 ಮತ್ತು 6ನೇ ಚಾನೆಲಿನಲ್ಲಿಟ್ಟು ಜಿಗ್‌ಬೀಯನ್ನು 25ಕ್ಕೆ ಇಡಲಿ. ಜಿಗ್‌ಬೀಯ ಯುಎಸ್‌ಬಿ ಕಡ್ಡಿಯನ್ನು ಒಂದು ಮೀಟರಿನ ಎಕ್ಸ್‌ಟೆನ್ಷನ್ ಕೇಬಲಿನಲ್ಲಿ ಕಂಪ್ಯೂಟರಿನಿಂದ ದೂರ ಇಡಬೇಕು. ಎಸ್‌ಎಸ್‌ಡಿ ಮತ್ತು ಯುಎಸ್‌ಬಿ 3ರ ಗದ್ದಲ ಅದೇ ತರಂಗದಲ್ಲಿ ಬರುತ್ತದೆ.

ಹೆಚ್ಚಿನ ಮಾಡ್ಯೂಲುಗಳಲ್ಲಿ ಕರೆಂಟು ಬಂದಾಗ ಏನು ಮಾಡಬೇಕೆಂಬ ಆಯ್ಕೆ ಇರುತ್ತದೆ. ಲೈಟಿಗೆ ಹಿಂದಿನ ಸ್ಥಿತಿ, ಗೀಸರಿಗೂ ಪಂಪಿಗೂ ಕಡ್ಡಾಯವಾಗಿ ಬಂದ್. ಇದನ್ನು ಮರೆತರೆ ರಾತ್ರಿ ಎರಡಕ್ಕೆ ಕರೆಂಟು ಬಂದಾಗ ಮನೆಯ ಲೈಟೆಲ್ಲ ಹತ್ತಿ ಮುದುಕರು ಗಾಬರಿಯಿಂದ ಏಳುತ್ತಾರೆ. ಬೆಂಗಳೂರಿನಿಂದ ನೋಡಲು ರೂಟರಿನಲ್ಲಿ ಪೋರ್ಟ್, ಅಂದರೆ ಹೊರಗಿನವರಿಗೆ ಒಳಬರುವ ಬಾಗಿಲು, ತೆರೆಯುವುದು ಬೇಡ. ಹಲವು ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚುವ ಕನೆಕ್ಷನ್ನುಗಳಲ್ಲಿ ಅದು ನಡೆಯುವುದಿಲ್ಲ, ನಡೆದರೂ ಅಪಾಯ. ಟೇಲ್‌ಸ್ಕೇಲಿನಂಥ ಖಾಸಗಿ ಸುರಂಗಮಾರ್ಗ ಸಾಕು.

ಎಲ್ಲ ಪಾಯಿಂಟನ್ನೂ ಸ್ಮಾರ್ಟ್ ಮಾಡುವ ಆಸೆಗೂ ಮಿತಿ ಇರಲಿ. ಒಂದು ಮಾಡ್ಯೂಲು ಸುಮ್ಮನಿದ್ದಾಗಲೂ ಒಂದು ವ್ಯಾಟಿನ ಆಸುಪಾಸು ತಿನ್ನುತ್ತದೆ. ನಲವತ್ತು ಹಾಕಿದರೆ ವರ್ಷಕ್ಕೆ 350 ಯೂನಿಟ್. ಗೇಟಿನ ಮತ್ತು ಅಂಗಳದ ಲೈಟು, ಗೀಸರ್, ಮೆಟ್ಟಿಲಿನ ಲೈಟು, ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಚಲನೆ ಗುರುತಿಸಿ ಹತ್ತುವ ಸಣ್ಣ ಲೈಟು, ಅಪ್ಪ ಅಮ್ಮನಿಗೆ ನಿಜಕ್ಕೂ ಉಪಯೋಗ ಇವುಗಳಿಂದ. ಹನ್ನೆರಡರಿಂದ ಹದಿನೈದು ಮಾಡ್ಯೂಲು, ಒಂದು ಸಣ್ಣ ಕಂಪ್ಯೂಟರು, ಎರಡು ಆಕ್ಸೆಸ್ ಪಾಯಿಂಟು ಸೇರಿ 50 ಸಾವಿರದ ಒಳಹೊರಗೆ ಬರುತ್ತದೆ. ಪಂಪಿನ ಪ್ಯಾನೆಲು, ಸರ್ಜ್ ಪ್ರೊಟೆಕ್ಟರ್, ಅರ್ತ್ ಗುಂಡಿ, ಕ್ಯಾಮೆರಾಗಳ ಲೆಕ್ಕ ಬೇರೆ. ಅಲ್ಲಿ ಉಳಿಸಲು ಹೋಗಬೇಡಿ.

ಸ್ವಂತ ಕೆಲಸದ ದೊಡ್ಡ ದೌರ್ಬಲ್ಯ ಸಾಮಾನಿನಲ್ಲಿಲ್ಲ. ಓದು ಮುಗಿದು ಹುಡುಗ ಪುಣೆಗೋ ದುಬೈಗೋ ಹೋದ ಮೇಲೆ ಅದನ್ನು ಬಲ್ಲವರು ಯಾರೂ ಇರುವುದಿಲ್ಲ. ಹಾಗಾಗಿ ಅವನಿಗೆ ಒಂದು ಪುಸ್ತಕ ಬರೆದಿಡಲು ಹೇಳಿ: ಯಾವ ಬಾಕ್ಸಿನಲ್ಲಿ ಯಾವ ಮಾಡ್ಯೂಲು, ಮಾಡ್ಯೂಲ್ ತೆಗೆದು ನೇರ ಸ್ವಿಚ್ಚಿಗೆ ಕೊಡುವುದು ಹೇಗೆ ಎಂಬ ಚಿತ್ರ, ಪಾಸ್‌ವರ್ಡುಗಳು, ಬ್ಯಾಕಪ್ ಎಲ್ಲಿದೆ. ಜೊತೆಗೆ ಅದೇ ಮಾದರಿಯ ಎರಡು ಮಾಡ್ಯೂಲು ಡಿಬಿಯ ಹತ್ತಿರ ಡಬ್ಬಿಯಲ್ಲಿ. ಮಾಡ್ಯೂಲನ್ನು ಗೋಡೆಯೊಳಗೆ ಕೂರಿಸುವುದು ವಯರ್‌ಮನ್. ಹುಡುಗ ಪಕ್ಕದಲ್ಲಿ ನಿಂತು ಹೇಳಲಿ.

ಸಂಸ್ಥೆಗೇ ಕೊಡುವುದಾದರೆ

ಪುಸ್ತಕ ಬರೆಯುವ ತಾಳ್ಮೆ ಹುಡುಗನಿಗೆ ಇಲ್ಲವೆಂದು ತೋರಿದರೆ ಸಂಸ್ಥೆಗೆ ಕೊಡುವುದೇ ಸರಿ, ಅದರಲ್ಲಿ ಕೀಳೇನೂ ಇಲ್ಲ. ಕೊಟೇಶನ್ನಿನಲ್ಲಿ ಬರೀ ಪ್ಯಾನೆಲಿನ ಹೆಸರಿದ್ದರೆ ಸಾಲದು. ಒಳಗಿನ ವ್ಯವಸ್ಥೆ ಯಾವುದು ಎಂದು ಕೇಳಿ. ಹಲವು ಕಂಪೆನಿಗಳು ಒಪ್ಪಿ ಅನುಸರಿಸುವ ಕೆಎನ್‌ಎಕ್ಸ್ ಪದ್ಧತಿ ಆದರೆ ಬೇರೆ ಬೇರೆ ಕಂಪೆನಿಯ ಸಾಮಾನು ಒಂದಕ್ಕೊಂದು ಹೊಂದುತ್ತದೆ, ದಶಕಗಳ ಕಾಲ ಬಾಳುತ್ತದೆ. ಆದರೆ ಅದರಲ್ಲಿ ಪ್ರತಿ ಲೈಟಿನ ವೈರು ನೇರ ಡಿಬಿಗೆ ಬರಬೇಕು, ಸ್ವಿಚ್ಚಿಗೆ ಹೋಗುವುದು ಸಂದೇಶ ಒಯ್ಯುವ ಬಸ್ ಕೇಬಲ್ ಮಾತ್ರ. ಪೈಪಿನ ನಕ್ಷೆಯೇ ಬೇರೆಯಾಗುವುದರಿಂದ ಈ ವಾರವೇ ತೀರ್ಮಾನಿಸಬೇಕು. ಬಸ್ಸಿನ ಪವರ್ ಸಪ್ಲೈ ಕೆಟ್ಟರೆ ಗೋಡೆಯ ಯಾವ ಸ್ವಿಚ್ಚೂ ಕೆಲಸ ಮಾಡುವುದಿಲ್ಲ. ಡಿಬಿಯೊಳಗೆ ಲೈಟನ್ನು ಹತ್ತಿಸಿ ಆರಿಸುವ ಆಕ್ಟುವೇಟರುಗಳಲ್ಲಿ ಕೈಯಿಂದ ತಿರುಗಿಸಲು ಬರುವಂಥದ್ದನ್ನೇ ಹಾಕಿಸಿ, ಬಿಡಿ ಪವರ್ ಸಪ್ಲೈ ಒಂದನ್ನು ಮನೆಯಲ್ಲಿಡಿ. ಕಂಟ್ರೋಲ್4, ಕ್ರೆಸ್ಟ್ರಾನ್‌ಗಳಂಥ ಒಂದೇ ಕಂಪೆನಿಯ ವ್ಯವಸ್ಥೆಗಳಲ್ಲಿ ಪ್ರೋಗ್ರಾಂ ಬದಲಿಸಲು ಡೀಲರನ್ನೇ ಅವಲಂಬಿಸಬೇಕಾಗುತ್ತದೆ. ಒಂದು ಲೈಟಿನ ಸಮಯ ಬದಲಿಸಲು ಮಂಗಳೂರಿನಿಂದ ಜನ ಬರುವುದಾದರೆ, ಆ ಖರ್ಚು ಯಾರದ್ದು?

ಒಪ್ಪಂದದಲ್ಲಿ ಬರೆಸಬೇಕಾದ್ದು: ಅಡ್ಮಿನ್ ಖಾತೆ ನಿಮ್ಮ ಇಮೇಲಿನಲ್ಲಿ; ಕೆಎನ್‌ಎಕ್ಸ್ ಆದರೆ ಇಡೀ ಮನೆಯ ಪ್ರೋಗ್ರಾಂ ಇರುವ ಇಟಿಎಸ್ ಪ್ರಾಜೆಕ್ಟ್ ಫೈಲು, ಅದರ ಪಾಸ್‌ವರ್ಡು ಸಮೇತ, ಪ್ರತಿ ಬದಲಾವಣೆಯ ನಂತರ ನಿಮ್ಮ ಕೈಗೆ. ಫೈಲ್ ಇಲ್ಲದಿದ್ದರೆ ಇನ್ನೊಬ್ಬ ತಂತ್ರಜ್ಞ ಇಡೀ ಮನೆಯನ್ನು ಮೊದಲಿನಿಂದ ಪ್ರೋಗ್ರಾಂ ಮಾಡಬೇಕಾಗುತ್ತದೆ, ಮೂಲ ಸಂಸ್ಥೆಯ ಹಿಡಿತ ಇರುವುದೇ ಅಲ್ಲಿ. ಕಟ್ಟಿದ ಹಾಗೆಯೇ ಇರುವ ವೈರಿಂಗ್ ನಕ್ಷೆ. ಅರ್ತ್ ಅಳತೆಯ ಕಾಗದ. ಕರೆ ಮಾಡಿದ ಎಷ್ಟು ದಿನದೊಳಗೆ ಬದಿಯಡ್ಕಕ್ಕೆ ಬರುತ್ತಾರೆ, ವಾರಂಟಿ ಮುಗಿದ ಮೇಲೆ ಒಂದು ಭೇಟಿಗೆ ಎಷ್ಟು. ಒಪ್ಪಿಸುವ ದಿನ ಅವರ ಎದುರೇ ರೂಟರಿನ ಪ್ಲಗ್ ಕಿತ್ತು ಎಲ್ಲ ಸ್ವಿಚ್ಚನ್ನೂ ಒತ್ತಿ ನೋಡಿ. ಆಮೇಲೆ ಮೈನ್ ಸ್ವಿಚ್ಚು ಇಳಿಸಿ, ಐದು ನಿಮಿಷ ಬಿಟ್ಟು ಏರಿಸಿ, ಏನೇನು ತಾನಾಗಿ ಹತ್ತಿತು ಎಂದು ಬರೆದುಕೊಳ್ಳಿ. ಒಟ್ಟು ಮೊತ್ತದ ಹತ್ತನೇ ಒಂದು ಭಾಗವನ್ನು ಮೇ ತಿಂಗಳ ಸಿಡಿಲೂ ಒಂದು ಪೂರ್ತಿ ಮಳೆಗಾಲವೂ ಕಳೆಯುವ ತನಕ ಕೊಡದೆ ಉಳಿಸಿಕೊಳ್ಳುವ ಸಾಲನ್ನೂ ಸೇರಿಸಿ. ತಮ್ಮ ಕೆಲಸದ ಮೇಲೆ ಭರವಸೆ ಇರುವ ಸಂಸ್ಥೆ ಇದಕ್ಕೆ ಒಪ್ಪುತ್ತದೆ.